ಹಪ್ಪಳದ ಜೊತೆ ಒಣಗಿದ ಹಾಡು

ವಿಮಾನಪುರದ ಕಾರ್ಖಾನೆಯಲ್ಲಿ ನನ್ನ ಕೆಲಸ ಡೊಂಕು ಹಿಡಿಯೋದು. ತಗಡು ಕೂದಲೆಳೆಯಷ್ಟು ಬಾಗಿದ್ದರೂ ಕೆಂಪು ಚೀಟಿ ಅಂಟಿಸಿ ವಾಪಸ್ ಕಳಿಸುತ್ತಿದ್ದೆ. ಇಂಥ ಮನುಷ್ಯನ ಕೈಗೆ ಒಂದು ಗ್ರಾಮಫೋನ್ ತಟ್ಟೆ ಸಿಕ್ಕರೆ ಅದಕ್ಕೇನು ಅಪಾಯ ಬಂದೀತು? ನಾನೂ ಹಾಗೇ ಅಂದುಕೊಂಡಿದ್ದೆ.

ತೊಂಬತ್ತರ ದಶಕದ ಒಂದು ಭಾನುವಾರ. ಕುಕ್ಕರ್ ಹಿಡಿ ಹುಡುಕಿಕೊಂಡು ಶಿವಾಜಿನಗರದ ಗುಜರಿ ಸಂದಿಗೆ ಹೋಗಿದ್ದೆ. ತುಕ್ಕು ಹಿಡಿದ ಬೀಗಗಳ ಕೆಳಗೆ ಒಂದು ಕಪ್ಪು ತಟ್ಟೆ. ಮಧ್ಯದ ಚೀಟಿಯ ಧೂಳು ಒರೆಸಿದರೆ, ಯಮುನಾಬಾಯಿ, ನಾಟಕದ ಹಾಡು. ಯಮುನಾಬಾಯಿ ಅಂದರೆ ನಮ್ಮತ್ತೆಯ ತಾಯಿ. ರಾಯಚೂರು ಕಡೆಯ ನಾಟಕ ಕಂಪನಿಯಲ್ಲಿ ಹಾಡುತ್ತಿದ್ದವರು, ಅತ್ತೆ ಚಿಕ್ಕವರಿದ್ದಾಗಲೇ ತೀರಿಕೊಂಡವರು. ಒಂದೇ ಒಂದು ಸಲ ತಟ್ಟೆಗೆ ಹಾಡಿದ್ದರಂತೆ. ನಮ್ಮ ಜೊತೆಗೇ ಇದ್ದ ಅತ್ತೆ ಸಂಜೆ ದೀಪ ಹಚ್ಚುವಾಗ ಆಗಾಗ ಅನ್ನೋರು, "ಅವ್ವನ ಮಾರಿ ನೆನಪೈತ್ರಿ ಅಳಿಯಾರ, ದನಿ ಹೋಗಿಬಿಟ್ಟೈತಿ."

ಕೆ.ಆರ್. ಪುರದ ಬಸ್ಸಿನಲ್ಲಿ ಆ ದನಿಯನ್ನ ತೊಡೆ ಮೇಲಿಟ್ಟುಕೊಂಡು ಕೂತೆ. ಕಿಟಕಿಯಾಚೆ ಹಲಸೂರು ಕೆರೆ ಹೋಯಿತೋ ಬಂತೋ ಗೊತ್ತಾಗಲಿಲ್ಲ. ಕುಕ್ಕರ್ ಹಿಡಿ ಮರೆತೇ ಹೋಗಿತ್ತು.

ಅತ್ತೆ ತಟ್ಟೆಯನ್ನ ಸೆರಗಲ್ಲಿ ಹಿಡಿದುಕೊಂಡವರು ಕೆಳಗಿಡಲೇ ಇಲ್ಲ. "ಈಗ ಹಚ್ಚ್ರಿ" ಅಂದರು.

"ಧೂಳು ತುಂಬಿದೆ. ಮೊದಲು ಸ್ನಾನ ಆಗ್ಲಿ" ಅಂದೆ. ಸೀಗೇಪುಡಿ ಹಾಕಿ ತೊಳೆದೆ. ಮಿರಮಿರ ಮಿಂಚಿತು. ಮಹಡಿ ಮೇಲೆ ಹಳೇ ಸೀರೆ ಹಾಸಿ ಅತ್ತೆ ಹಪ್ಪಳ ಹರವಿದ್ದರು. ನಡುವೆ ಜಾಗ ಮಾಡಿ ತಟ್ಟೆಯನ್ನೂ ಮಲಗಿಸಿದೆ.

"ಬಿಸಲಾಗ ಏನೂ ಆಗಂಗಿಲ್ಲೇನ್ರಿ?" ಅಂದರು ಅತ್ತೆ.

"ಅತ್ತೆ, ನಾನು ವಿಮಾನದ ಕಾರ್ಖಾನೆಯವನು."

ಊಟ ಮಾಡಿ ಸಣ್ಣದೊಂದು ನಿದ್ದೆ ತೆಗೆದೆ. ಕನಸಲ್ಲಿ ಯಾರೋ ಹೆಂಗಸು ರಂಗದ ಪರದೆಯ ಹಿಂದೆ ನಿಂತು ಹಾಡುತ್ತಿದ್ದಳು. ಪರದೆ ಇನ್ನೇನು ಮೇಲೇಳಬೇಕು, ಹೆಂಡತಿ ಗಿರಿಜಾ ಭುಜ ಅಲ್ಲಾಡಿಸಿದಳು. "ರೀ, ನಿಮ್ಮ ತಟ್ಟೆ ಉಬ್ಬಿದೆ. ಎಣ್ಣೆ ಕಾಯಿಸ್ಲಾ?"

ಓಡಿದೆ. ಹಪ್ಪಳಗಳೆಲ್ಲ ನೀಟಾಗಿ ಒಣಗಿದ್ದವು. ತಟ್ಟೆ ಮಾತ್ರ ಬಾಣಲೆಯಾಗಿತ್ತು. ಕೂಡಲೇ ತಾಂತ್ರಿಕ ಕ್ರಮ ಕೈಗೊಂಡೆ. ಮೆತ್ತಗಾಗಿದ್ದ ತಟ್ಟೆಯನ್ನ ಚಪಾತಿ ಮಣೆಯ ಕೆಳಗಿಟ್ಟು, ಮೇಲೆ ರುಬ್ಬುಗುಂಡು ಹೇರಿದೆ. ಪೂರ್ವ ದಿಕ್ಕು ಕೂತಿತು, ಪಶ್ಚಿಮ ದಿಕ್ಕು ಎದ್ದಿತು. ಪಶ್ಚಿಮ ಒತ್ತಿದೆ, ಉತ್ತರ ಎದ್ದಿತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿ ಮುಗಿಸುವ ಹೊತ್ತಿಗೆ ತಟ್ಟೆಗೆ ಅಲೆ ಅಲೆಯಾಗಿ ಬಳುಕುವ ಅಂಚು ಬಂದಿತ್ತು. ಅತ್ತೆ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದರು. ಬೈದಿದ್ದರೆ ಎಷ್ಟೋ ಚೆನ್ನಾಗಿರ್ತಿತ್ತು.

ಪಕ್ಕದ ಮನೆಯ ಸೆಲ್ವರಾಜ್ ಹತ್ತಿರ ಕೀಲಿ ತಿರುಗಿಸುವ ಗ್ರಾಮಫೋನ್ ಇತ್ತು. ತಟ್ಟೆ ನೋಡಿ, "ಎನ್ನ ಸಾರ್ ಇದು, ಅಪ್ಪಳಮಾ?" ಅಂದರು. ನನ್ನ ಹಪ್ಪಳದ ಕೀರ್ತಿ ತಮಿಳಿಗೂ ಮುಟ್ಟಿತು ಅಂದುಕೊಂಡು ತಲೆ ತಗ್ಗಿಸಿದೆ.

ಮುಳ್ಳು ಇಟ್ಟರು. ಅದು ಗುಡ್ಡ ಹತ್ತಿತು, ಇಳಿಯಿತು. ಗರಗರ ಸದ್ದಿನ ಒಳಗಿಂದ ಒಂದು ದನಿ ಬಂತು. ಹಾಡು ಮೇಲೆ ಹೋಗಿ, ತೇಲಿ, ಕೆಳಗೆ ಜಾರಿ, ಮತ್ತೆ ತೇಲುತ್ತಿತ್ತು. ಹಾಡು ಮುಗಿದ ಮೇಲೆ, ಆ ಕಾಲದ ಪದ್ಧತಿಯಂತೆ, ಹಾಡಿದವರೇ ತಮ್ಮ ಹೆಸರು ಹೇಳಿದರು. ಯಮುನಾಬಾಯಿ ಅನ್ನೋ ಹೆಸರೂ ಒಂದು ಸುತ್ತು ತೂಗಿ ನಿಂತಿತು.

ಎಲ್ಲರೂ ಅತ್ತೆಯ ಕಡೆ ನೋಡಿದೆವು. ಅವರ ತಲೆ ಮೆಲ್ಲಗೆ ಆ ಕಡೆ ಈ ಕಡೆ ತೂಗುತ್ತಲೇ ಇತ್ತು. "ತೊಟ್ಲಾ ತೂಗಕೋತ ಹಾಡತಿದ್ಲು. ಹಿಂಗ ಹಾಡತಿದ್ಲು ನೋಡ್ರಿ" ಅಂದು ಕಣ್ಣೊರೆಸಿಕೊಂಡರು. ಗಿರಿಜಾಳೂ ಅತ್ತಳು. ಸೆಲ್ವರಾಜ್ ಗ್ರಾಮಫೋನನ್ನೇ ಅತ್ತೆಗೆ ಕೊಟ್ಟುಬಿಟ್ಟರು.

ಆದರೆ ಡೊಂಕು ಹಿಡಿಯುವವನಿಗೆ ನಿದ್ದೆ ಬರಬೇಕಲ್ಲ. ಎಷ್ಟೋ ವರ್ಷ ಆದಮೇಲೆ ಇಂದಿರಾನಗರದ ಸೈಬರ್ ಸೆಂಟರಿನಲ್ಲಿ ಒಂದು ಜಾಲತಾಣ ಸಿಕ್ಕಿತು. ಹಕ್ಕಿನ ಅವಧಿ ಮುಗಿದು ಎಲ್ಲರ ಸ್ವತ್ತಾದ ಹಳೇ ಹಾಡು, ಹಳೇ ಪುಸ್ತಕ, ಚಿತ್ರಗಳನ್ನೆಲ್ಲ ಪುಣ್ಯಾತ್ಮರು ಯಾರೋ ಅಲ್ಲಿ ಸೇರಿಸಿಟ್ಟಿದ್ದರು. ರಜೆಯ ದಿನಗಳೆಲ್ಲ ಅದರೊಳಗೇ ಕಳೆದುಹೋದೆ. ಬಾಲವಿರುವ ದೇವತೆಗಳ ಚಿತ್ರ, ಆನೆಗೆ ಕೊಡುವ ಕಷಾಯದ ಪುಸ್ತಕ, ಒಂದು ದಿನ ಯಮುನಾಬಾಯಿ! ಅದೇ ಹಾಡು, ಬೇರೆ ಯಾರದೋ ಮನೆಯ ತಟ್ಟೆಯಿಂದ, ನೀರಿನಷ್ಟು ತಿಳಿಯಾಗಿ. ಸಿಡಿ ಮಾಡಿಸಿಕೊಂಡು ಮನೆಗೆ ಹಾರಿದೆ. ನನ್ನ ಪಾಪ ಇವತ್ತು ತೊಳೆದುಹೋಯಿತು ಅಂದುಕೊಂಡೆ.

ಅತ್ತೆ ಕೊನೆಯವರೆಗೂ ಕೇಳಿದರು. ಕತ್ತು ಅಲ್ಲಾಡಲಿಲ್ಲ.

"ದನಿ ಚಂದೈತಿ. ಯಾರ್ರಿ ಈಕಿ?"

"ಅತ್ತೆ, ನಿಮ್ಮ ಅವ್ವನೇ. ಸರಿಯಾದ ತಟ್ಟೆಯದು. ಹೆಸರೂ ಹೇಳಿದ್ರಲ್ಲ."

"ಹೆಸರು ಯಾರ ಬೇಕಾದ್ರೂ ಇಟ್ಕೋತಾರ. ನಮ್ಮವ್ವ ಹಿಂಗ ನೆಟ್ಟಗ ಹಾಡತಿದ್ದಿಲ್ಲ" ಅಂದರು ಅತ್ತೆ. "ಅದು ಬಂದ್ ಮಾಡಿ, ನೀವು ಕೆಡಿಸಿದ್ದು ಐತಲ್ಲ, ಅದನ್ನ ಹಚ್ಚ್ರಿ ಅಳಿಯಾರ."

ಗಿರಿಜಾ ಬಾಗಿಲ ಹಿಂದೆ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ನಾನು ಸಿಡಿಯನ್ನ ಕವರಿಗೆ ಹಾಕಿ, ಎದ್ದು ಹೋಗಿ ಗ್ರಾಮಫೋನಿಗೆ ಕೀಲಿ ಕೊಟ್ಟೆ. ಇಡೀ ಸರ್ವೀಸಿನಲ್ಲಿ ನಾನು ಪಾಸು ಮಾಡಿದ ಡೊಂಕು ಮಾಲು ಅದೊಂದೇ.