ನನ್ನ ಬೀಳ್ಕೊಡುಗೆ ಭಾಷಣಗಳು

ಒಬ್ಬ ಮನುಷ್ಯ ಎಷ್ಟು ಒಳ್ಳೆಯವನೆಂದು ತಿಳಿಯಬೇಕಾದರೆ ಅವನು ಕೆಲಸ ಬಿಡಬೇಕು. ಇದು ನಾನು ಓದಿ ಕಲಿತದ್ದಲ್ಲ, ಮಾತಾಡಿ ಕಲಿತದ್ದು. ಧಾರವಾಡದ ಹತ್ತಿರ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಪಂಪಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ನಾನು ಸಿಬ್ಬಂದಿ ಅಧಿಕಾರಿ. ಜನರನ್ನು ಕೆಲಸಕ್ಕೆ ತರುವುದು, ತಂದವರನ್ನು ಉಳಿಸಿಕೊಳ್ಳುವುದು ನನ್ನ ಜವಾಬ್ದಾರಿ. ಉಳಿಸಿಕೊಳ್ಳುವುದರಲ್ಲಿ ನನ್ನದು ಅಷ್ಟಕ್ಕಷ್ಟೇ. ಆದರೆ ಬಿಟ್ಟುಹೋಗುವವರಿಗೆ ಬೀಳ್ಕೊಡುಗೆ ಭಾಷಣ ಮಾಡುವುದರಲ್ಲಿ ಸುತ್ತಮುತ್ತ ನನ್ನನ್ನು ಮೀರಿಸುವವರಿಲ್ಲ. ಹೇಳಿಕೊಳ್ಳಲು ನನಗೆ ಸಂಕೋಚವೂ ಇಲ್ಲ. ಮೊದಲು ಶಾಲು, ಹಾರ, ಒಂದು ಡಬ್ಬಿ ಪೇಢೆ, ಆಮೇಲೆ ನಾನು. ಜನ ಕೈಯಲ್ಲಿದ್ದ ಪೇಢೆ ಮರೆತು ಕಣ್ಣೊರೆಸಿಕೊಂಡದ್ದನ್ನು ನೋಡಿದ್ದೇನೆ. ಪಕ್ಕದ ಕಾರ್ಖಾನೆಯವರು ಒಮ್ಮೆ ತಮ್ಮವರೊಬ್ಬರನ್ನು ಬೀಳ್ಕೊಡಲು ನನ್ನನ್ನು ಕರೆಸಿದ್ದರು. ಆತನ ಮುಖವನ್ನೇ ನೋಡಿರಲಿಲ್ಲ, ಆದರೂ ಅರ್ಧ ಗಂಟೆ ಮಾತಾಡಿ ಬಂದೆ.

ಹೀಗಿರುವಾಗ ಸಾವಿತ್ರಕ್ಕ ಬೇರೊಂದು ಕಾರ್ಖಾನೆಗೆ ಹೋಗುತ್ತೇನೆಂದು ರಾಜೀನಾಮೆ ಕೊಟ್ಟರು. ತಯಾರಾದ ಭಾಗಗಳ ಅಳತೆ ಪರೀಕ್ಷಿಸಿ ಸಹಿ ಹಾಕುವವರು ಅವರು. ಒಂಬತ್ತು ವರ್ಷದಿಂದ ಅವರ ಕಣ್ಣು ತಪ್ಪಿಸಿ ಒಂದು ಕೆಟ್ಟ ಭಾಗವೂ ಗೇಟು ದಾಟಿರಲಿಲ್ಲ. ನಮ್ಮ ಸಾಹೇಬರು ನನ್ನನ್ನು ಕರೆದು, "ಹ್ಯಾಂಗರೆ ಮಾಡಿ ಆಕಿನ್ನ ಉಳಿಸ್ಕೋರಿ. ಆಕಿ ಹೋದ್ರ ಮುಂದಿನ ಶಾಲು ನಿಮಗ ಹೊದಿಸ್ತೇನಿ" ಎಂದರು. ನನಗೆ ಬೆವರೊಡೆಯಿತು. ಸಾವಿತ್ರಕ್ಕನನ್ನು ಕೂರಿಸಿ ಕ್ಯಾಂಟೀನಿನ ಚಹಾ ಸುಧಾರಿಸುತ್ತೇನೆಂದೆ, ಗಾಳಿ ಬರುವ ಕಡೆ ಮೇಜು ಹಾಕಿಸುತ್ತೇನೆಂದೆ.

"ಅಲ್ಲೆ ಪಗಾರ ಜಾಸ್ತಿ ಕೊಡ್ತಾರೇನ್ರಿ?"

"ಇಲ್ರಿ ಸರ್, ಅಲ್ಲೂ ಇಷ್ಟ ಪಗಾರ ಐತಿ."

"ಮತ್ತ್ಯಾಕ ಹೊಂಟೀರಿ?"

"ಸುಮ್ನರಿ. ನಾ ಇದ್ರೂ ಇಲ್ಲೆ ಯಾರಿಗೂ ಗೊತ್ತಾಗೂದಿಲ್ಲ, ಹೋದ್ರೂ ಗೊತ್ತಾಗೂದಿಲ್ಲ."

ಬುದ್ಧಿಯಿದ್ದವನಿಗೆ ಅಲ್ಲೇ ಅರ್ಥವಾಗಬೇಕಿತ್ತು. ನಾನು ಮಾತ್ರ, ಆಹಾ, ಭಾಷಣ ಶುರುಮಾಡಲು ಎಂಥ ಒಳ್ಳೆಯ ಮಾತು ಸಿಕ್ಕಿತು ಎಂದುಕೊಂಡು ಅದನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡೆ.

ಬೀಳ್ಕೊಡುಗೆಯ ದಿನ ನನ್ನ ಭಾಷಣ ರಂಗೇರಿತು. ಲಾರಿ ಗೇಟಿನಲ್ಲಿ ನಿಂತು ಹಾರ್ನ್ ಹೊಡೆಯುತ್ತಿದ್ದಾಗ, ಸಾಹೇಬರೇ ಬೆನ್ನ ಹಿಂದೆ ನಿಂತು ಅವಸರ ಮಾಡುತ್ತಿದ್ದಾಗ, ಈ ಹೆಣ್ಣುಮಗಳು ಅಳತೆಯ ಸಾಧನ ಕೆಳಗಿಟ್ಟು, "ಇದರ ಅಳತಿ ತಪ್ಪೇತಿ, ನೀವ ಸಹಿ ಮಾಡ್ರಿ ಸಾಹೇಬ್ರ, ನನ್ನ ಕೈಲೆ ಆಗೂದಿಲ್ಲ" ಎಂದದ್ದನ್ನು ಹೇಳಿದೆ. ಅವರ ಸಹಿಯಿದ್ದ ಒಂದೇ ಒಂದು ಪೆಟ್ಟಿಗೆಯೂ ಇವತ್ತಿನವರೆಗೆ ವಾಪಸು ಬಂದಿಲ್ಲವೆಂದೆ. ಸಾಹೇಬರು ತಲೆ ತಗ್ಗಿಸಿದರು. ಸಾವಿತ್ರಕ್ಕ ಹೊದ್ದ ಶಾಲಿನಲ್ಲೇ ಎದ್ದು ನಿಂತರು.

"ಸರ್, ಇಷ್ಟೆಲ್ಲಾ ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ತಲ್ರಿ."

"ಮತ್ತ ಒಂಬತ್ತ ವರ್ಷ ಯಾಕ ಹೇಳಲಿಲ್ರಿ?"

ಕೆಲಸ ಬಿಡದವರನ್ನು ಹೊಗಳುವ ಪದ್ಧತಿ ನಮ್ಮಲ್ಲಿಲ್ಲ ಎನ್ನಲು ನನಗೆ ನಾಚಿಕೆಯಾಯಿತು. ಸಾವಿತ್ರಕ್ಕ ಸಾಹೇಬರ ಕಡೆ ತಿರುಗಿ, "ನನ್ನ ಅರ್ಜಿ ವಾಪಸ್ ಕೊಡ್ರಿ. ಹೊಸ ಜಾಗಾದಾಗ ಇಷ್ಟ ತಿಳ್ಕೋಳಾಕ ಅವರಿಗೆ ಮತ್ತ ಒಂಬತ್ತ ವರ್ಷ ಬೇಕು" ಎಂದು ಕೂತರು. ಪೇಢೆಯನ್ನಂತೂ ಎಲ್ಲರೂ ತಿಂದೆವು. ಶಾಲು ಅವರಿಗೇ ಉಳಿಯಿತು.

ಆವತ್ತಿನಿಂದ ನಾನು ಪ್ರತಿ ಶನಿವಾರ ಚಹಾದ ಹೊತ್ತಿಗೆ, ಕೆಲಸದಲ್ಲಿರುವ ಒಬ್ಬರ ಬಗ್ಗೆ ಐದು ನಿಮಿಷ ಮಾತಾಡುತ್ತೇನೆ. ಆಮೇಲೆ ನಮ್ಮಲ್ಲಿ ಒಬ್ಬರೂ ಕೆಲಸ ಬಿಟ್ಟಿಲ್ಲ. ಪಕ್ಕದ ಕಾರ್ಖಾನೆಯವರು ಹೇಗೆ ಎಂದು ಕೇಳಲು ಬಂದಿದ್ದರು. ಗುಟ್ಟೆಲ್ಲ ಇಲ್ಲಿದೆ ಎಂದು ನನ್ನ ಗಂಟಲನ್ನು ತೋರಿಸಿ ಕಳಿಸಿದೆ.

ಗೇಟಿನ ಕಾವಲುಗಾರನಿಂದ ಹಿಡಿದು ಸಾಹೇಬರವರೆಗೆ ಎಲ್ಲರ ಸರದಿಯೂ ಬಂತು. ನನ್ನ ಬಗ್ಗೆ ಮಾತ್ರ ಯಾರೂ ಬಾಯಿ ತೆರೆಯಲಿಲ್ಲ. ನಿಜ ಹೇಳುತ್ತೇನೆ, ನೋವಾಯಿತು. ಒಂದು ದಿನ ರಾಜೀನಾಮೆ ಬರೆದು ನಮ್ಮ ಗುಮಾಸ್ತ ಬಸಣ್ಣನ ಕೈಗೆ ಕೊಟ್ಟು, ಅವನು ಗೋಗರೆಯಲೆಂದು ಮುಖ ಗಂಭೀರ ಮಾಡಿಕೊಂಡು ಕಾದೆ. ಬಸಣ್ಣ ಓದಿದ. ಕಣ್ಣಲ್ಲಿ ನೀರು ತಂದುಕೊಂಡ.

"ಹೋಗೂಕಿಂತ ಮೊದ್ಲ ನಿಮ್ಮ ಭಾಷಣಾನೂ ನೀವ ಬರದ ಕೊಟ್ಟಬಿಡ್ರಿ ಸರ್. ನಿಮ್ಮಷ್ಟ ಛಲೋ ಬರಿಯಾಕ ನಮಗ್ಯಾರಿಗೂ ಬರೂದಿಲ್ಲ."

ಸಿಟ್ಟಿನಿಂದಲೇ ಬರೆಯಲು ಕೂತೆ. ಎರಡು ಪುಟವಾಯಿತು. ಮೂರು ಸಲ ಓದಿದೆ. ಮೂರನೆಯ ಸಲ ನನ್ನ ಕಣ್ಣೇ ಒದ್ದೆಯಾಯಿತು. ಇಂಥ ಮನುಷ್ಯನನ್ನು ಕಳೆದುಕೊಂಡು ಕಾರ್ಖಾನೆ ಹೇಗೆ ನಡೆದೀತು? ಹೋಗಿ ಬಸಣ್ಣನ ಕೈಯಿಂದ ರಾಜೀನಾಮೆ ಕಸಿದುಕೊಂಡು ಹರಿದುಹಾಕಿದೆ.