ಆರನೇ ಮಹಡಿಯಲ್ಲಿ ಗಂಡ, ಆಫೀಸಿನಲ್ಲಿ ಕುರ್ಚಿ

ಶಿಸ್ತಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ನಿವೃತ್ತಿಯಾಗುವವರೆಗೂ ಹೈಸ್ಕೂಲಿನಲ್ಲಿ ಡ್ರಿಲ್ ಟೀಚರಾಗಿದ್ದವಳು ನಾನು. ನನ್ನ ವಿಷಲ್ ಸದ್ದಿಗೆ ಮಕ್ಕಳಿರಲಿ, ಮೈದಾನದಲ್ಲಿ ಮೇಯುತ್ತಿದ್ದ ಎಮ್ಮೆಗಳೂ ಸಾಲಾಗಿ ನಿಲ್ಲುತ್ತಿದ್ದವು! ಆದ್ದರಿಂದ ಹೆಬ್ಬಗೋಡಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ, ಬೆಂಕಿ ಬಿದ್ದರೆ ಹೊರಗೆ ಬರುವ ತಾಲೀಮು ಮಾಡಬೇಕೆಂದಾಗ ಆ ಮಹತ್ಕಾರ್ಯವನ್ನು ನಾನೇ ವಹಿಸಿಕೊಂಡೆ.

ನಮ್ಮ ಸಂಘದ ಅಧ್ಯಕ್ಷರು ಮುನಿರೆಡ್ಡಿ. ಕಟ್ಟಡ ಎದ್ದಿರುವುದೇ ಅವರ ಹಳೆಯ ರಾಗಿ ಹೊಲದಲ್ಲಿ. "ಒಳ್ಳೇದಾಯ್ತು ಬುಡಿ ಮೇಡಂ, ಅಂಗೇ ಎಲ್ರಿಗೂ ಉಪ್ಪಿಟ್ಟು ಮಾಡುಸ್ಬುಡಾನ" ಎಂದರು.

ಮನೆಯಲ್ಲಿ ಯಜಮಾನರು ಮಾತ್ರ ಒಂದು ಪ್ರಶ್ನೆ ಕೇಳಿದರು. ಪಾರ್ಶ್ವವಾಯು ಆದಾಗಿನಿಂದ ಅವರು ಗಾಲಿಕುರ್ಚಿಯಲ್ಲೇ ಇರುವುದು.

"ಲಿಫ್ಟ್ ನಿಲ್ಲಿಸ್ತೀಯಲ್ಲ, ನಾನು ಹೇಗೆ ಇಳೀಲಿ?"

"ಅದಕ್ಕೇ ಆ ಕುರ್ಚಿ ಇದೆಯಲ್ರೀ!"

ಇತ್ತು. ಬೆಲ್ಟು ಬಿಗಿದು ಕೂರಿಸಿದರೆ, ಹಿಂದೆ ಒಬ್ಬರು ಹಿಡಿದುಕೊಂಡು, ಮೆಟ್ಟಿಲ ಮೇಲೆ ಮೆಲ್ಲಗೆ ಜಾರಿಸಿಕೊಂಡು ಇಳಿಸುವ ಮಡಚುವ ಕುರ್ಚಿ. ಜಗಳವಾಡಿ ತರಿಸಿದವಳು ನಾನೇ. ಆಯುಧ ಪೂಜೆಯ ದಿನ ಕುಂಕುಮವಿಟ್ಟು, ಸೇವಂತಿಗೆ ಹಾರ ಹಾಕಿ, ಧೂಳು ಹಿಡಿಯದಿರಲೆಂದು ಪ್ಲಾಸ್ಟಿಕ್ ಕವರನ್ನೂ ತೆಗೆಯದೆ ಸಂಘದ ಆಫೀಸಿನಲ್ಲಿಟ್ಟು ಬೀಗ ಹಾಕಿದವಳೂ ನಾನೇ.

ಭಾನುವಾರ ಸೈರನ್ ಕೂಗಿತು. ಲಿಫ್ಟ್ ನಿಂತಿತು. ನಾನು ಮಹಡಿ ಮಹಡಿಗೂ ವಿಷಲ್ ಊದುತ್ತಾ ಇಳಿದೆ. ಮೂರನೇ ಮಹಡಿಯ ಲಲಿತಮ್ಮ ಬರಲಿಲ್ಲ. ಬಾಗಿಲ ಮುಂದೆ ನಿಂತು ಕೆನ್ನೆ ನೋಯುವಷ್ಟು ಊದಿದೆ. ಆಕೆಗೆ ಕಿವಿ ಕೇಳುವುದಿಲ್ಲ ಎಂಬುದು ಊದಿ ಮುಗಿಸಿದ ಮೇಲೆ ನೆನಪಾಯಿತು! ಕಿಟಕಿಯಲ್ಲಿ ಕೈಬೀಸಿ ಕರೆದುಕೊಂಡು ಬಂದೆ.

ಗೇಟಿನ ಬಳಿ ಎಲ್ಲರೂ ಸಾಲಾಗಿ ನಿಂತರು. ಏನು ಸಾಲು! "ಎಲ್ಲರೂ ಸುರಕ್ಷಿತ!" ಎಂದು ಘೋಷಿಸಿದೆ. ಚಪ್ಪಾಳೆ. ಫೋಟೋ. ಆಗ ಆರನೇ ಮಹಡಿಯ ಬಾಲ್ಕನಿಯಿಂದ ಪರಿಚಿತ ಧ್ವನಿ ಬಂತು.

"ಸುಮಿತ್ರಾ! ನಾನು ಸುಟ್ಟೋದ್ನಾ, ಇನ್ನೂ ಇದೀನಾ? ಸ್ವಲ್ಪ ನೋಡಿ ಹೇಳೇ!"

ಆಫೀಸಿಗೆ ಓಡಿ ಬೀಗ ತೆಗೆದೆ. ಮೇಲಿನಿಂದ ಕೆಳಗೆ ಇಳಿಸಬೇಕಾದ ಕುರ್ಚಿ, ಎಲ್ಲರಿಗಿಂತ ಮೊದಲೇ ಕೆಳಗೆ ಇಳಿದು, ಒಣಗಿದ ಹಾರ ಹಾಕಿಕೊಂಡು ಕೂತಿತ್ತು! ಇದನ್ನು ಇಲ್ಲಿಡಲು ಯಾವ ಬುದ್ಧಿವಂತೆ ಹೇಳಿದಳೋ ಎಂದು ಬೈಯಲು ಬಾಯಿ ತೆರೆದು, ಮುಚ್ಚಿಕೊಂಡೆ.

ನಾನೂ ಮುನಿರೆಡ್ಡಿಯವರೂ ಅದನ್ನು ಹೊತ್ತು ಹತ್ತಿದೆವು. ಮೆಟ್ಟಿಲ ತಿರುವುಗಳಲ್ಲಿ ಒಂದೆಡೆ ನೀರಿನ ಕ್ಯಾನುಗಳು, ಇನ್ನೊಂದೆಡೆ ತುಳಸಿ ಕುಂಡ, ಮತ್ತೊಂದೆಡೆ ಯಾರದೋ ಕೆಟ್ಟುಹೋದ ವಾಷಿಂಗ್ ಮಷೀನು. ನಾಲ್ಕನೇ ಮಹಡಿಯಲ್ಲಿ ಕುರ್ಚಿ ಸಿಕ್ಕಿಕೊಂಡು ಅಲ್ಲಾಡಲಿಲ್ಲ. ಮುನಿರೆಡ್ಡಿ ಬೆವರು ಒರೆಸಿಕೊಂಡರು.

"ಬುಡಿ ಮೇಡಂ, ಯಜಮಾನ್ರು ಮೇಲೇ ಇರ್ಲಿ. ಡ್ರಿಲ್ ತಾನೆ? ಬಂದವ್ರೆ ಅಂತ ಲೆಕ್ಕಕ್ ಸೇರುಸ್ಕೊಂಡ್ರಾಯ್ತು."

ನನ್ನ ನೆತ್ತಿ ಉರಿದುಹೋಯಿತು. ಇಡೀ ಕಟ್ಟಡದಲ್ಲಿ ಅವತ್ತು ಹತ್ತಿಕೊಂಡ ನಿಜವಾದ ಬೆಂಕಿ ಅದೊಂದೇ!

"ಯಾವ ಲೆಕ್ಕಕ್ಕೆ ರೆಡ್ಡಿಯವರೇ? ನಾಳೆ ನಿಜವಾಗಿ ಹೊಗೆ ತುಂಬಿದಾಗಲೂ ಇದೇ ಮಾತು ಹೇಳ್ತೀರಾ? ನಡೆಯೋಕೆ ಆಗೋರು ಮಾತ್ರ ಮನುಷ್ಯರಾ? ಮಿಕ್ಕೋರು ಬಾಲ್ಕನೀಲಿ ಕೂತು ನಿಮ್ಮ ಫೋಟೋ ನೋಡ್ಬೇಕಾ? ಈ ಮೆಟ್ಟಿಲೇನು ಗೋಡೌನಾ? ಯಾರ್ರೀ ಇಲ್ಲೆಲ್ಲ ಸಾಮಾನು ತುಂಬಿರೋದು?"

ರೆಡ್ಡಿಯವರು ಎರಡು ಹೆಜ್ಜೆ ಹಿಂದೆ ಸರಿದು, ವಿನಯದಿಂದ ಮೇಲಕ್ಕೆ ಬೆರಳು ತೋರಿಸಿದರು.

"ಆರ್ನೇ ಫ್ಲೋರಿಂದು ನಿಮ್ದೇ ಅಲ್ವಾ ಮೇಡಂ, ಚಪ್ಲಿ ಸ್ಟ್ಯಾಂಡು?"

ನನ್ನದೇ. ಗಾತ್ರದ ಪ್ರಕಾರ ಜೋಡಿಸಿದ್ದೆ.

ಕೊನೆಗೆ ಲಿಫ್ಟ್ ಚಾಲೂ ಮಾಡಲಾಯಿತು. ಯಜಮಾನರು ಮಡಿಲಲ್ಲಿ ಪೇಪರ್ ಇಟ್ಟುಕೊಂಡು ಆರಾಮವಾಗಿ ಇಳಿದು ಬಂದರು. "ಲಿಫ್ಟಲ್ಲಿ ಬಂದೆ ಅಂತ ಬೆಂಕಿಗೆ ಹೇಳ್ಬೇಡ ಕಣೇ, ಬೇಜಾರು ಮಾಡ್ಕೊಳುತ್ತೆ" ಎಂದರು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಉಪ್ಪಿಟ್ಟೂ ಮುಗಿದಿತ್ತು.

ಅವತ್ತೇ ಮಧ್ಯಾಹ್ನ ಚಪ್ಪಲಿ ಸ್ಟ್ಯಾಂಡನ್ನು ಮನೆಯೊಳಗೆ ಎಳೆದುಕೊಂಡೆ. ಆಮೇಲೆ ಮನೆಮನೆಗೂ ಹೋಗಿ ಜಗಳವಾಡಿದೆ. ಕೆಲವರು ಬಾಗಿಲು ತೆರೆಯಲಿಲ್ಲ, ವಿಷಲ್ ಊದಿದೆ, ತೆರೆದರು. ಮೆಟ್ಟಿಲು ಖಾಲಿಯಾಯಿತು. ಲಲಿತಮ್ಮನ ಮನೆಗೆ ಸೈರನ್ ಜೊತೆ ಮಿನುಗುವ ದೀಪ ಬಂತು. ಪ್ಲಾಸ್ಟಿಕ್ ಹರಿದೆಸೆದು, ಕುರ್ಚಿಯನ್ನು ನಮ್ಮ ಮಹಡಿಯ ಮೆಟ್ಟಿಲ ಪಕ್ಕದ ಗೋಡೆಗೆ ನೇತುಹಾಕಿದೆ. ಬೀಗವಿಲ್ಲದೆ!

ಮುಂದಿನ ಭಾನುವಾರ ಮತ್ತೆ ತಾಲೀಮು. ಯಜಮಾನರಿಗಿಂತ ಮೊದಲು ಯಾರಾದರೂ ಕೂತು ಪರೀಕ್ಷಿಸಬೇಕಲ್ಲ? ಧೀರಳಾಗಿ ನಾನೇ ಕೂತು, ವಿಷಲ್ಲನ್ನು ಅವರ ಕೈಗೆ ಕೊಟ್ಟೆ. ಮುನಿರೆಡ್ಡಿ ಹಿಂದೆ ಹಿಡಿದರು. ಕುರ್ಚಿ ಮೊದಲ ಮೆಟ್ಟಿಲಿಗೆ ಬಾಗಿತು, ಅಷ್ಟೇ. ನಾನು ಕಿರುಚಿದ ಸದ್ದಿಗೆ ಲಲಿತಮ್ಮನೂ ಹೊರಗೆ ಬಂದರಂತೆ!

ಮೇಲಿನಿಂದ ವಿಷಲ್ ಕೇಳಿಸಿತು. "ಸೈಲೆನ್ಸ್! ಸಾಲು ತಪ್ಪಬಾರದು!"

ಆಮೇಲೆ ಯಜಮಾನರ ಸರದಿ. ತುಟಿ ಪಿಟಕ್ಕೆನ್ನದೆ, ಮದುವಣಿಗನಂತೆ ಕೂತು, ಗೇಟಿನವರೆಗೂ ಬಂದುಬಿಟ್ಟರು.

ವಿಷಲ್ ಇನ್ನೂ ಅವರ ಕೊರಳಲ್ಲೇ ಇದೆ. ವಾಪಸ್ ಕೇಳಿದರೆ, ಶಿಸ್ತಿಲ್ಲದವರ ಕೈಗೆ ಕೊಡುವುದಿಲ್ಲವಂತೆ!