ತಾಸಿಗೊಮ್ಮೆ ತಣ್ಣಗಾಗುವ ಕೊಪ್ಪರಿಗೆ

ಯಂತ್ರ ಸುಳ್ಳು ಹೇಳುವುದಿಲ್ಲ ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಯಾಕೆಂದರೆ ನಾರಾಯಣಪೇಟೆಯ ನಮ್ಮ ಶೆಡ್ಡಿನಲ್ಲಿ ಆ ಮಾತನ್ನು ದಿನಾ ಹೇಳುತ್ತಿದ್ದವನು ನಾನೇ. ನೂಲಿಗೆ ಬಣ್ಣ ಹಾಕುವ ಶೆಡ್ಡು ಅದು. ಕೊಪ್ಪರಿಗೆಯ ಕಾವು ಅಳೆದು ಪರದೆಯ ಮೇಲೆ ಗೆರೆ ಎಳೆಯುವ ಸಾಫ್ಟ್‌ವೇರನ್ನು ನೋಡಿಕೊಳ್ಳುವುದು ನನ್ನ ಕೆಲಸ. ಮೊದಲೆಲ್ಲ ಗೆರೆ ಸೊಟ್ಟಗಾದರೆ ಕರೆಂಟು ಹೋಗಿತ್ತು ಎಂದುಬಿಟ್ಟರೆ ಮುಗಿಯುತ್ತಿತ್ತು. ತೆಲಂಗಾಣ ಬಂತು, ನಾನೂ ಪಟಾಕಿ ಹೊಡೆದೆ, ನೋಡನೋಡುತ್ತ ಕರೆಂಟು ಹೋಗುವುದು ನಿಂತಿತು. ಹೊಸ ರಾಜ್ಯದಲ್ಲಿ ನಷ್ಟವಾದದ್ದು ನನ್ನ ನೆಪಕ್ಕೆ ಮಾತ್ರ.

ಕಂಪ್ಯೂಟರಿನಲ್ಲಿ ಜಾಗ ಸಾಲದೆಂದು ನಾನು ಕಾವಿನ ಲೆಕ್ಕವನ್ನು ತಾಸಿಗೊಮ್ಮೆ ಬರೆದಿಡುವಂತೆ ಮಾಡಿದೆ. ಅಂದಿನಿಂದ ಗೆರೆ ನೆಲ ಹಿಡಿಯಿತು. ಕೊಪ್ಪರಿಗೆ ಹಗಲೆಲ್ಲ ತಣ್ಣಗಿದೆ ಎಂದು ಪರದೆ ಸಾರತೊಡಗಿತು. ನೂಲಿಗೆ ಬಣ್ಣ ಚೆನ್ನಾಗಿಯೇ ಹಿಡಿಯುತ್ತಿತ್ತು, ನೂಲು ಕೊಳ್ಳುವ ಗದ್ವಾಲದ ನೇಕಾರರು ಒಂದು ಮಾತೂ ಅಂದಿರಲಿಲ್ಲ. ಆದರೆ ನೂಲನ್ನು ಯಾರು ನೋಡುತ್ತಾರೆ? ಮಾಲೀಕರು ಮಖ್ತಲ್‌ನಲ್ಲಿ ಕೂತು ಮೊಬೈಲಿನಲ್ಲಿ ಗೆರೆ ನೋಡುವವರು. ಅವರು ನೇರ ಬಂದು, ಒಲೆ ಕಾಯುವ ಹನುಮಂತಪ್ಪನ ಮೇಲೆ ಹರಿಹಾಯ್ದರು.

"ಏಮಯ್ಯಾ, ಬೆಂಕಿ ಹಚ್ಚಾಕ ಪಗಾರ ಕೊಡ್ತೀನೋ, ನಿದ್ದಿ ಮಾಡಾಕ ಕೊಡ್ತೀನೋ? ನಾಳಿಯಿಂದ ಬರಬ್ಯಾಡ."

"ಕೊಪ್ಪರಿಗ್ಯಾಗ ಬೆರಳಿಟ್ಟು ನೋಡ್ರಿ ಸಾವುಕಾರ್ರ," ಎಂದ ಹನುಮಂತಪ್ಪ. ಅವನ ಕಣ್ಣು ತುಂಬಿತ್ತು. ಗೆರೆ ಎತ್ತಲು ನಾನು ಮಾಡದ ಉಪಾಯವಿರಲಿಲ್ಲ. ತಂತಿ ಬದಲಿಸಿದ್ದೆ, ಕೊಪ್ಪರಿಗೆಯಲ್ಲಿ ಮುಳುಗಿಸಿಟ್ಟ ಕಾವಿನ ಕಡ್ಡಿ ಬದಲಿಸಿದ್ದೆ, ಕಂಪ್ಯೂಟರಿಗೆ ನಿಂಬೆಹಣ್ಣು ಕೂಡ ಕಟ್ಟಿದ್ದೆ. ಬದಲಿಸದೆ ಉಳಿದದ್ದು ನನ್ನ ನಂಬಿಕೆ ಮಾತ್ರ. ಒಂದು ದಿನ ಅವಕಾಶ ಕೊಡಿ ಎಂದು ಮಾಲೀಕರ ಕೈಕಾಲು ಹಿಡಿದು, ಮರುದಿನ ಅವರನ್ನೂ ಕರೆದುಕೊಂಡು ಕೊಪ್ಪರಿಗೆಯ ಪಕ್ಕದಲ್ಲೇ ನಿಂತೆ.

ಬಣ್ಣ ಕೊತಕೊತ ಕುದಿಯುತ್ತಿತ್ತು. ಅಷ್ಟರಲ್ಲಿ, ತಾಸಿಗೊಮ್ಮೆ ಬಾರಿಸುವ ಊರಿನ ಹಳೇ ಕಚೇರಿಯ ಗಂಟೆ ಢಣ್ ಎಂದಿತು. ಹನುಮಂತಪ್ಪ ಎದ್ದು ಒಂದು ಬಕೆಟ್ ತಣ್ಣೀರನ್ನು ಕಾವಿನ ಕಡ್ಡಿಯ ಪಕ್ಕಕ್ಕೇ ಸುರಿದ. ಅದೇ ಕ್ಷಣಕ್ಕೆ ಪರದೆಯ ಮೇಲೆ ಚುಕ್ಕೆ ಬಿತ್ತು. ತಣ್ಣಗೆ!

"ಇದೇನಪ್ಪಾ?" ಎಂದೆ.

"ಆವಿಯಾಗಿ ಇಂಗಿದಷ್ಟು ನೀರು ತುಂಬಬೇಕಲ್ರೀ. ಗಂಟಿ ಹೊಡದಾಗ ಹಾಕೋದು ನಮ್ಮಪ್ಪನ ಕಾಲದಿಂದ್ಲೂ ಐತಿ."

ತಾಸಿಗೊಮ್ಮೆ ಎಂದರೆ ಇಡೀ ತಾಸಿನ ಸರಾಸರಿ ಎಂದುಕೊಂಡಿದ್ದೆ. ಆ ಸಾಫ್ಟ್‌ವೇರ್ ತಾಸು ತುಂಬಿದ ಗಳಿಗೆಯಲ್ಲಿ ಕಣ್ಣು ಬಿಟ್ಟು, ತಣ್ಣೀರು ಕಂಡು, ಮತ್ತೆ ಮಲಗುತ್ತಿತ್ತು! ನಿಮಿಷಕ್ಕೊಮ್ಮೆ ನೋಡುವಂತೆ ಮಾಡಿದ ಕೂಡಲೇ ಗೆರೆ ಮೇಲೆದ್ದಿತು. ಮಾಲೀಕರು ಹನುಮಂತಪ್ಪನ ಹೆಗಲು ತಟ್ಟಿ, "ನಾಳಿ ಜಲ್ದಿ ಬಾ" ಎಂದರು. ನನಗೆ ನಿಜವಾಗಿಯೂ ಜೀವ ಬಂದಂತಾಯಿತು.

ಆ ಖುಷಿಯಲ್ಲಿ ಎದುರಿನ ಹೋಟೆಲಿಗೆ ಹೋಗಿ ಮಿರ್ಚಿ ಬಜ್ಜಿಗೆ ಬಾಯಿ ಹಾಕಿದೆ. ಮಾಲೀಕರು ಹಿಂದೆಯೇ ಬಂದರು.

"ನಾ ಯಾವಾಗ ಬಂದ್ರೂ ಇಲ್ಲೇ ಇರ್ತೀರಲ್ರೀ?"

"ಸಾವುಕಾರ್ರ, ನೀವು ಬರೋ ಹೊತ್ತಿಗೇ ನಾ ಇಲ್ಲಿ ಬಂದಿರ್ತೀನ್ರಿ. ಉಳಿದ ಹೊತ್ತೆಲ್ಲಾ ಕುದಿಯಾಕ ಹತ್ತಿರ್ತೀನಿ."

ಅವರು ತಮ್ಮ ಮೊಬೈಲನ್ನೂ ನನ್ನ ಮುಖವನ್ನೂ ನೋಡಿದರು. "ಹಂಗಾದ್ರ ನಾಳಿಯಿಂದ ನಿಮ್ಮನ್ನೂ ನಿಮಿಷಕ್ಕೊಮ್ಮೆ ನೋಡೋಣೇನ್ರಿ?"

ಬಜ್ಜಿಯನ್ನು ತಟ್ಟೆಗೆ ವಾಪಸು ಇಟ್ಟೆ.

"ಬ್ಯಾಡ್ರಿ," ಎಂದೆ. "ನನಗ ತಾಸಿಗೊಮ್ಮಿನೇ ಇರ್ಲಿ."